ನರೂಲಿಗೆ ಯಕ್ಕಿ ಹಾಲು ಹಚ್ಚಬಹುದೇ? ಮನೆಯಲ್ಲಿ ಏನು ಮಾಡಬಹುದು, ಏನು ಮಾಡಬಾರದು

ಪ್ರಶ್ನೆ: ನಮ್ಮ ಮಗಳಿಗೆ 11 ವರ್ಷ. ಬಲಗೈ ಬೆರಳ ಮ್ಯಾಲ ಮೂರು ನರೂಲಿ ಆಗ್ಯಾವ, ಒಂದು ಉಗುರಿನ ಬಾಜೂಕೇ ಅದ. ನಮ್ಮ ಅತ್ತಿಯವರು ಯಕ್ಕಿ ಹಾಲು ಹಚ್ಚು ಅಂತಾರ. ಓಣ್ಯಾಗ ಒಬ್ಬರು ಸುಣ್ಣದಾಗ ಬಟ್ಟಿ ಸೋಡಾ ಕಲಸಿ ಇಡ್ರಿ, ಒಂದ ರಾತ್ರ್ಯಾಗ ಉದುರತಾವ ಅಂದ್ರು. ನನ್ನ ಎಡಗಾಲ ಹಿಂಬಡದಾಗೂ ಒಂದು ಅದ, ನಡದರ ಹರಳು ಚುಚ್ಚಿದಂಗ ಆಗತದ. ಕೊರಳ ಸುತ್ತ ಸಣ್ಣಸಣ್ಣವು ಜೋತು ಬಿದ್ದಾವ. ಮನೆಯವರಿಗೆ ಶುಗರ್ ಅದ, ಅವರ ಕಾಲಾಗೂ ಒಂದು ಗಂಟು ಕಾಣ್ತದ. ಸುಡಸೋದು ಬ್ಯಾಡ ಅನಸ್ತದ, ಮನಿ ಮದ್ದು ಇದ್ದರ ಹೇಳ್ರಿ. (ಚಿತ್ತಾಪುರ ತಾಲ್ಲೂಕಿನ ಓದುಗರು)

ಉತ್ತರ: ಯಕ್ಕಿ (ಎಕ್ಕದ ಗಿಡ) ಹಾಲು ಬೇಡ. ಸುಣ್ಣ ಮತ್ತು ಸೋಡಾ ಕಲಸಿದ್ದನ್ನಂತೂ ಮಗುವಿನ ಕೈಗೆ ಮುಟ್ಟಿಸಲೇಬೇಡಿ. ಮಗಳ ಬೆರಳಿನ ನರೂಲಿಗೂ ನಿಮ್ಮ ಹಿಮ್ಮಡಿಯದಕ್ಕೂ ಮನೆಯಲ್ಲಿಯೇ ಚಿಕಿತ್ಸೆ ಮಾಡಬಹುದು. ಅದು ಒಂದು ರಾತ್ರಿಯ ಕೆಲಸವಲ್ಲ, ದಿನಕ್ಕೆ ಹದಿನೈದು ನಿಮಿಷದಂತೆ ಸುಮಾರು ಮೂರು ತಿಂಗಳ ಕೆಲಸ. ನಿಮ್ಮ ಕೊರಳಲ್ಲಿ ಜೋತು ಬಿದ್ದವು ಬಹುಮಟ್ಟಿಗೆ ನರೂಲಿಯೇ ಅಲ್ಲ. ಯಜಮಾನರ ಕಾಲಿನದನ್ನು ಮಾತ್ರ ಮನೆಯಲ್ಲಿ ಯಾರೂ ಕೆರೆಯಬಾರದು, ಕೊಯ್ಯಬಾರದು, ಏನೂ ಹಚ್ಚಬಾರದು.

ನರೂಲಿ ಬರುವುದು ವೈರಸ್‌ನಿಂದ. 1907ರಲ್ಲಿ ಇಟಲಿಯ ಜ್ಯೂಸೆಪ್ಪೆ ಚುಫೊ ಎಂಬ ವೈದ್ಯರು ನರೂಲಿಯನ್ನು ಅರೆದು, ಬ್ಯಾಕ್ಟೀರಿಯಾ ದಾಟದಷ್ಟು ಸೂಕ್ಷ್ಮ ಸೋಸುವಿಕೆಯಲ್ಲಿ ಸೋಸಿ, ಆ ರಸದಿಂದಲೂ ಹೊಸ ನರೂಲಿ ಏಳುತ್ತದೆ ಎಂದು ತೋರಿಸಿದರು. ಅದನ್ನು ಇಂದು ಹ್ಯೂಮನ್ ಪ್ಯಾಪಿಲೋಮಾ ವೈರಸ್ ಎನ್ನುತ್ತೇವೆ. ಅದರಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಕೈಕಾಲಿಗೆ ಬರುವವು ಹೆಚ್ಚಾಗಿ 1, 2, 4, 27 ಮತ್ತು 57ನೇ ಬಗೆಯವು. ಗರ್ಭಕೊರಳಿನ ಕ್ಯಾನ್ಸರಿಗೆ ಮುಖ್ಯ ಕಾರಣವಾದ 16 ಮತ್ತು 18ನೇ ಬಗೆ ಬೇರೆ. ಮಗಳ ಬೆರಳಿನ ನರೂಲಿ ಮುಂದೆ ಕ್ಯಾನ್ಸರ್ ಆದೀತೇ ಎಂಬ ಹೆದರಿಕೆ ನಿಮಗೆ ಬೇಡ.

ಈ ವೈರಸ್ ಇರುವುದು ಚರ್ಮದ ಎಲ್ಲಕ್ಕಿಂತ ಮೇಲಿನ ಪದರದಲ್ಲಿ ಮಾತ್ರ. ರಕ್ತಕ್ಕೆ ಇಳಿಯುವುದಿಲ್ಲ, ಎಲುಬಿಗೆ ಹೋಗುವುದಿಲ್ಲ. 'ನರೂಲಿಗೆ ಬೇರು ಇರತದ, ಬೇರು ಸಮೇತ ಕಿತ್ತಬೇಕು' ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ, ಆದರೆ ಬೇರು ಎಂಬುದಿಲ್ಲ. ಮೇಲೆ ಕಾಣುವ ಕಪ್ಪು ಚುಕ್ಕೆಗಳನ್ನು ಬೇರು ಎಂದುಕೊಂಡು ಸೂಜಿಯಿಂದ ಕಿತ್ತುವವರಿದ್ದಾರೆ. ಅವು ನರೂಲಿಗೆ ಆಹಾರ ಕೊಡಲು ಮೇಲೆ ಬಂದ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು, ಒಳಗೆ ರಕ್ತ ಹೆಪ್ಪುಗಟ್ಟಿ ಕಪ್ಪಾಗಿರುತ್ತವೆ. ಕಿತ್ತಿದರೆ ರಕ್ತ ಬರುತ್ತದೆ, ಪಕ್ಕದ ಚರ್ಮಕ್ಕೆ ವೈರಸ್ ಹತ್ತುತ್ತದೆ, ಒಂದಿದ್ದದ್ದು ನಾಲ್ಕಾಗುತ್ತದೆ.

ಇನ್ನೊಂದು ಮಾತು ತಿಳಿದಿದ್ದರೆ ಎಷ್ಟೋ ಮದ್ದಿನ ಕೀರ್ತಿ ಎಲ್ಲಿಂದ ಬಂತು ಎಂಬುದು ಅರ್ಥವಾಗುತ್ತದೆ. ಮಕ್ಕಳ ನರೂಲಿಗಳಲ್ಲಿ ಸುಮಾರು ಅರ್ಧದಷ್ಟು ಒಂದು ವರ್ಷದೊಳಗೆ, ಮೂರರಲ್ಲಿ ಎರಡರಷ್ಟು ಎರಡು ವರ್ಷದೊಳಗೆ ಏನೂ ಮಾಡದೆ ತಾವಾಗಿಯೇ ಹೋಗುತ್ತವೆ. ಮೈಯ ರೋಗನಿರೋಧಕ ಶಕ್ತಿ ವೈರಸ್ಸನ್ನು ಗುರುತು ಹಿಡಿದ ದಿನದಿಂದ ಅವು ಕರಗತೊಡಗುತ್ತವೆ, ಹಲವು ಸಲ ಎಲ್ಲವೂ ಒಟ್ಟಿಗೇ. ಬದನೆಕಾಯಿ ತಿಕ್ಕಿದವರಿಗೂ, ಗುಡಿಗೆ ಉಪ್ಪು ಒಪ್ಪಿಸುವ ಹರಕೆ ಹೊತ್ತವರಿಗೂ, ಸುಮ್ಮನಿದ್ದವರಿಗೂ ಹೋಗುವುದು ಹೀಗೆಯೇ. ಹರಕೆ ಹೊರುವುದರಿಂದ ಯಾರ ಚರ್ಮಕ್ಕೂ ಕೇಡಿಲ್ಲ, ಅತ್ತೆಯವರಿಗೆ ಅದರಲ್ಲಿ ನಂಬಿಕೆಯಿದ್ದರೆ ಧಾರಾಳವಾಗಿ ಹೊರಲಿ. ಚರ್ಮವನ್ನು ಸುಡುವ ಮದ್ದಿಗೆ ಮಾತ್ರ ಈ ಮಾತು ಹೊಂದುವುದಿಲ್ಲ. ತಾನಾಗಿ ಹೋಗುವಂಥದ್ದಕ್ಕೆ ಜೀವಮಾನದ ಕಲೆ ಮಾಡಿಕೊಳ್ಳುವುದು ಬಹಳ ದೊಡ್ಡ ಬೆಲೆ.

ಮೊದಲು ಇರುವುದು ನರೂಲಿಯೇ ಎಂದು ಖಚಿತ ಮಾಡಿಕೊಳ್ಳಿ. ಹಗಲು ಬೆಳಕಿನಲ್ಲಿ ಹತ್ತಿರದಿಂದ ನೋಡಿ. ಬೆರಳಚ್ಚಿನ ಗೆರೆಗಳು, ಪಾದದ ಗೆರೆಗಳು ನರೂಲಿಯ ಅಂಚಿಗೆ ಬಂದು ನಿಂತು ಪಕ್ಕದಿಂದ ಸುತ್ತಿ ಹೋಗುತ್ತವೆ, ಅದರ ಮೇಲೆ ಹಾಯುವುದಿಲ್ಲ. ಮೇಲ್ಮೈ ಒರಟು, ನಡುವೆ ಕಪ್ಪು ಚುಕ್ಕೆ. ಕಾಲಿನ ಆಣಿಯಲ್ಲಿ ಗೆರೆಗಳು ಮೇಲೆಯೇ ಹಾಯ್ದಿರುತ್ತವೆ, ಕಪ್ಪು ಚುಕ್ಕೆ ಇರುವುದಿಲ್ಲ, ನಡುವೆ ಗಾಜಿನಂಥ ಗಟ್ಟಿ ತಿರುಳಿರುತ್ತದೆ. ನೋವಿನಿಂದಲೂ ತಿಳಿಯಬಹುದು. ಎರಡೂ ಬದಿಯಿಂದ ಹಿಂಡಿದಾಗ ಹೆಚ್ಚು ನೋವಾದರೆ ನರೂಲಿ, ಮೇಲಿನಿಂದ ನೇರ ಒತ್ತಿದಾಗ ಹೆಚ್ಚು ನೋವಾದರೆ ಆಣಿ. ಆಣಿ ಬರುವುದು ಚಪ್ಪಲಿಯ ಒತ್ತಡದಿಂದ, ಚಪ್ಪಲಿ ಬದಲಿಸದೆ ಅದು ಹೋಗುವುದಿಲ್ಲ. ಮಕ್ಕಳ ಮೈಮೇಲೆ ಮುತ್ತಿನಂತೆ ಹೊಳೆಯುವ, ನಡುವೆ ಸಣ್ಣ ಗುಳಿ ಬಿದ್ದ ಗುಳ್ಳೆಗಳಿದ್ದರೆ ಅದು ಬೇರೆಯೇ ವೈರಸ್, ಕೆಳಗೆ ಹೇಳುವ ಮದ್ದು ಅದಕ್ಕಲ್ಲ.

ಈಗ ನಿಮ್ಮ ಓಣಿಯ ಮದ್ದುಗಳ ವಿಚಾರ. ಹೊಲದ ಬದುವಿನಲ್ಲಿ, ರಸ್ತೆ ಬದಿಯಲ್ಲಿ ಎಲ್ಲೆಲ್ಲೂ ಯಕ್ಕಿ ಇದೆ, ಕಾಸು ಖರ್ಚಿಲ್ಲ, ಆದ್ದರಿಂದ ಎಲ್ಲರ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಅದರ ಹಾಲಿನಲ್ಲಿ ಪ್ರೋಟೀನ್ ಕರಗಿಸುವ ಕಿಣ್ವಗಳೂ ಚರ್ಮ ಕೆರಳಿಸುವ ವಿಷಗಳೂ ಇವೆ, ಹಾಗಾಗಿ ಹಚ್ಚಿದ ಜಾಗ ಸುಟ್ಟು ಹೊಪ್ಪಳಿಕೆ ಏಳುವುದು ನಿಜ. ಎಷ್ಟು ಆಳ ಸುಡುತ್ತದೆ ಎಂಬುದು ಮಾತ್ರ ಯಾರ ಹಿಡಿತದಲ್ಲೂ ಇಲ್ಲ. ಎಳೆ ಗಿಡ, ಬಲಿತ ಗಿಡ, ಋತು, ಹನಿಯ ಗಾತ್ರ, ಎಲ್ಲದರ ಮೇಲೂ ಅದು ಬದಲಾಗುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ. ಟೊಂಗೆ ಮುರಿದಾಗ ಹಾಲು ಸಿಡಿಯುತ್ತದೆ, ಅಥವಾ ಹಚ್ಚಿದ ಬೆರಳಿನಿಂದಲೇ ಮಗು ಕಣ್ಣು ಉಜ್ಜಿಕೊಳ್ಳುತ್ತದೆ. ಯಕ್ಕಿ ಹಾಲು ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರದ ಒಳಮೈಯ ಜೀವಕೋಶಗಳಿಗೆ ಪೆಟ್ಟು ಕೊಡುತ್ತದೆ. ಆ ಪದರ ನೀರು ಕುಡಿದು ಊದಿ ದೃಷ್ಟಿ ಮಂಜಾಗುತ್ತದೆ, ಆದರೆ ನೋವು ಹೆಚ್ಚಿರುವುದಿಲ್ಲ. ನೋವಿಲ್ಲ ಎಂದೇ ಜನ ತಡ ಮಾಡುತ್ತಾರೆ. ಅಕಸ್ಮಾತ್ ಬಿದ್ದರೆ ಆ ಗಳಿಗೆಯಲ್ಲೇ ರೆಪ್ಪೆ ಬಿಡಿಸಿ ಹಿಡಿದು, ಕುಡಿಯುವ ನೀರನ್ನು ತಂಬಿಗೆಯಿಂದ ಸಣ್ಣ ಧಾರೆಯಾಗಿ ಬಿಡುತ್ತ ಕನಿಷ್ಠ 20 ನಿಮಿಷ ತೊಳೆಯಿರಿ. ತುಪ್ಪ, ಹರಳೆಣ್ಣೆ, ಎದೆಹಾಲು, ಗುಲಾಬಿ ನೀರು ಯಾವುದೂ ಬೇಡ. ತೊಳೆದ ನಂತರ ನೋವಿರಲಿ ಇಲ್ಲದಿರಲಿ, ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಕಳ್ಳಿ ಹಾಲಿಗೂ ಇದೇ ಮಾತು. ಅದು ಕಣ್ಣಿಗೆ ಬಿದ್ದರೆ ವಿಪರೀತ ನೋವಾಗುತ್ತದೆ, ಚರ್ಮಕ್ಕೆ ಬಿದ್ದರೆ ಬೊಬ್ಬೆ ಏಳುತ್ತದೆ.

ಸುಣ್ಣ ಮತ್ತು ಬಟ್ಟೆ ಸೋಡಾದ ಕಥೆ ಇನ್ನೂ ಗಂಭೀರ. ಇವೆರಡೂ ನೀರಿನಲ್ಲಿ ಕೂಡಿದಾಗ ಒಂದು ಭಾಗ ಕಾಸ್ಟಿಕ್ ಸೋಡಾ ಆಗುತ್ತದೆ, ಚರಂಡಿ ಕಟ್ಟಿದಾಗ ಸುರಿಯುವ ಅದೇ ಕಾಸ್ಟಿಕ್ ಸೋಡಾ. ಆಮ್ಲ ಬಿದ್ದಲ್ಲಿ ಚರ್ಮದ ಪ್ರೋಟೀನು ಗಟ್ಟಿಯಾಗಿ ಒಂದು ತಡೆ ಕಟ್ಟಿಕೊಳ್ಳುತ್ತದೆ, ಸುಡುವುದು ಅಲ್ಲಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ಕ್ಷಾರ ಹಾಗಲ್ಲ. ಅದು ಕೊಬ್ಬನ್ನೂ ಪ್ರೋಟೀನನ್ನೂ ಕರಗಿಸುತ್ತ ಒಳಗೆ ಇಳಿಯುತ್ತಲೇ ಹೋಗುತ್ತದೆ, ಉರಿ ಗೊತ್ತಾಗುವುದು ತಡವಾಗಿ. 'ಒಂದು ರಾತ್ರಿಯಲ್ಲಿ ಉದುರುತ್ತದೆ' ಎಂಬ ಮಾತು ಸುಳ್ಳಲ್ಲ. ಉದುರುವುದು ನರೂಲಿ ಮಾತ್ರವಲ್ಲ, ಅದರಡಿಯ ಚರ್ಮವೂ ಹೌದು. ನರೂಲಿಯ ವೈರಸ್ ಇರುವುದು ಒಂದು ಮಿಲಿಮೀಟರಿನ ಆಸುಪಾಸಿನ ಪದರದಲ್ಲಿ, ಸುಣ್ಣ ಅದನ್ನು ದಾಟಿ ಹೋಗಿ ಗುಳಿಬಿದ್ದ ಕಲೆ ಮಾಡುತ್ತದೆ. ನಿಮ್ಮ ಮಗಳಿಗೆ ಒಂದು ನರೂಲಿ ಉಗುರಿನ ಪಕ್ಕದಲ್ಲೇ ಇದೆ. ಅಲ್ಲಿ ಆಳವಾಗಿ ಸುಟ್ಟರೆ ಉಗುರು ಹುಟ್ಟುವ ಬುಡ ಹಾಳಾಗಿ ಉಗುರು ಜೀವನಪೂರ್ತಿ ಸೀಳಿಕೊಂಡೋ ಸೊಟ್ಟಗೋ ಬೆಳೆಯುತ್ತದೆ. ಈಗಾಗಲೇ ಯಾರಾದರೂ ಹಚ್ಚಿದ್ದರೆ, ಒಣಗಿದ ಪುಡಿಯನ್ನು ಮೊದಲು ಅರಿವೆಯಿಂದ ಝಾಡಿಸಿ ತೆಗೆದು, ಆಮೇಲೆ ಅರ್ಧ ಗಂಟೆ ಹರಿಯುವ ನೀರಿನಲ್ಲಿ ತೊಳೆಯಿರಿ. ಕ್ಷಾರಕ್ಕೆ ಎದುರಾಗಿ ನಿಂಬೆಹುಳಿ ಹಿಂಡುವ ಪ್ರಯೋಗ ಮಾಡಬೇಡಿ.

ಬಳ್ಳೊಳ್ಳಿ ಜಜ್ಜಿ ಕಟ್ಟುವುದನ್ನು ಅನೇಕರು ನಿರಪಾಯ ಎಂದುಕೊಂಡಿದ್ದಾರೆ. ಅಡುಗೆಗೆ ಹಾಕುವ ವಸ್ತುವಾದ್ದರಿಂದ ಹಾಗೆ ಅನಿಸುವುದು ಸಹಜ. ಬಳ್ಳೊಳ್ಳಿಯ ಸಾರ ತೆಗೆದು ನಡೆಸಿದ ಸಣ್ಣ ಪ್ರಯೋಗಗಳಲ್ಲಿ ನರೂಲಿ ಹೋದದ್ದುಂಟು, ಆದರೆ ಅಲ್ಲಿ ಬಳಸಿದ್ದು ಪ್ರಯೋಗಾಲಯದಲ್ಲಿ ತಯಾರಿಸಿದ ಸಾರ. ಹಸಿ ಎಸಳನ್ನು ಜಜ್ಜಿ ಇಡೀ ರಾತ್ರಿ ಪಟ್ಟಿ ಕಟ್ಟಿದರೆ ಬೆಳಗ್ಗೆ ನೀರುಗುಳ್ಳೆ ಎದ್ದಿರುತ್ತದೆ. ಮಕ್ಕಳ ತೆಳು ಚರ್ಮದಲ್ಲಿ ಇದು ಎರಡನೆಯ ದರ್ಜೆಯ ಸುಟ್ಟಗಾಯದಷ್ಟೇ ಆಗುತ್ತದೆ. ವಿನಿಗರ್ ಅದ್ದಿದ ಹತ್ತಿ ಕಟ್ಟುವವರಿಗೂ ಹೀಗೆಯೇ ಆಗುತ್ತದೆ. ಅದರಲ್ಲಿ ಸುಮಾರು 5 ಶೇಕಡಾ ಅಸಿಟಿಕ್ ಆಮ್ಲವಿದೆ, ಪಟ್ಟಿಯ ಕೆಳಗೆ ಗಂಟೆಗಟ್ಟಲೆ ಒತ್ತಿಕೊಂಡಿದ್ದರೆ ಸುಡಲು ಅಷ್ಟು ಸಾಕು.

ನಿಂಬೆಹುಳಿ ಮತ್ತು ಅಂಜೂರದ ಹಾಲಿನ ಬಗ್ಗೆ ನಮ್ಮ ಜಿಲ್ಲೆಗಳವರು ವಿಶೇಷವಾಗಿ ಎಚ್ಚರ ವಹಿಸಬೇಕು. ಇವೆರಡರಲ್ಲೂ ಸೂರ್ಯನ ಬೆಳಕಿಗೆ ಚರ್ಮ ಸುಡುವಂತೆ ಮಾಡುವ ಸೋರಾಲೆನ್ ಎಂಬ ವಸ್ತುಗಳಿವೆ. ಹಚ್ಚಿಕೊಂಡು ಕಲಬುರಗಿಯ ಬಿಸಿಲಿಗೆ ಹೋದರೆ ಒಂದೆರಡು ದಿನದಲ್ಲಿ ಬೊಬ್ಬೆ ಎದ್ದು, ಆ ಜಾಗ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುತ್ತದೆ. ಗೇರೆಣ್ಣೆ ಇನ್ನೂ ಕೆಟ್ಟದ್ದು, ಅದಕ್ಕೆ ಅಲರ್ಜಿಯಾದವರಿಗೆ ಹಚ್ಚಿದ ಜಾಗವಷ್ಟೇ ಅಲ್ಲ, ಮುಖ ಕಣ್ಣೆಲ್ಲ ಬಾತುಕೊಳ್ಳುತ್ತದೆ. ಊದುಬತ್ತಿಯಿಂದ ಸುಡುವುದು, ಬ್ಲೇಡಿನಿಂದ ಕೊಯ್ಯುವುದು ಇವೆಲ್ಲ ಗಾಯ, ಕೀವು, ಧನುರ್ವಾತದ ದಾರಿಗಳು.

ಬಾಳೆಹಣ್ಣಿನ ಸಿಪ್ಪೆ, ಆಲೂಗಡ್ಡೆ, ಲೋಳಸರ, ಅರಿಶಿನ, ಬೇವಿನ ಎಣ್ಣೆ ಇವುಗಳಿಂದ ಕೇಡಿಲ್ಲ, ನರೂಲಿ ಹೋಗುತ್ತದೆ ಎನ್ನಲು ಆಧಾರವೂ ಇಲ್ಲ. ಔಡಲ ಎಣ್ಣೆಗೆ ಮಾತ್ರ ಒಂದು ಉಪಯೋಗವಿದೆ: ನಿಮ್ಮ ಹಿಮ್ಮಡಿಯ ಗಟ್ಟಿ ಚರ್ಮವನ್ನು ಅದು ಮೆತ್ತಗೆ ಮಾಡುತ್ತದೆ. ಅದನ್ನು ಹಚ್ಚುವುದಾದರೆ ಬೆಳಗ್ಗೆ ಹಚ್ಚಿ. ರಾತ್ರಿ ಹಚ್ಚಿದರೆ ಕೆಳಗೆ ಹೇಳುವ ದ್ರಾವಣ ಎಣ್ಣೆಯ ಮೇಲೆ ಹಿಡಿದುಕೊಳ್ಳುವುದಿಲ್ಲ, ಜಾರಿ ಪಕ್ಕದ ಒಳ್ಳೆಯ ಚರ್ಮಕ್ಕೆ ಹೋಗುತ್ತದೆ.

ಮನೆಯಲ್ಲಿ ಮಾಡುವುದರಲ್ಲಿ ಆಧಾರ ಗಟ್ಟಿಯಾಗಿರುವುದು ಸ್ಯಾಲಿಸಿಲಿಕ್ ಆಮ್ಲಕ್ಕೆ. ನೈಸರ್ಗಿಕವಾದದ್ದೇ ಬೇಕು ಎನ್ನುವವರಿಗೆ ಇದೂ ದೂರದ್ದಲ್ಲ, ಈ ಆಮ್ಲದ ಮೂಲ ವಿಲೋ ಎಂಬ ಮರದ ತೊಗಟೆ. ಈಗ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಹಾಗಾಗಿ ಯಕ್ಕಿ ಹಾಲಿಗಿಲ್ಲದ ಒಂದು ಗುಣ ಇದಕ್ಕಿದೆ: ಪ್ರತಿ ಹನಿಯಲ್ಲೂ ಎಷ್ಟು ಮದ್ದಿದೆ ಎಂಬುದು ನಿಶ್ಚಿತ. ಚರ್ಮದ ಸತ್ತ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿದ್ದನ್ನು ಅದು ಬಿಡಿಸುತ್ತದೆ, ವೈರಸ್ ತುಂಬಿದ ಪದರ ದಿನಾಲೂ ಸ್ವಲ್ಪಸ್ವಲ್ಪ ಸುಲಿದು ಬರುತ್ತದೆ. ಜೊತೆಗೆ ಆಗುವ ಸಣ್ಣ ಕೆರಳಿಕೆಯಿಂದ ಮೈಯ ರಕ್ಷಣಾ ಪಡೆ ಆ ಜಾಗಕ್ಕೆ ಬರುತ್ತದೆ. ವೈದ್ಯಕೀಯ ಪ್ರಯೋಗಗಳನ್ನು ತೂಗಿ ನೋಡುವ ಕೊಕ್ರೇನ್ ಎಂಬ ಸಂಸ್ಥೆಯ 2012ರ ಪರಿಶೀಲನೆಯಲ್ಲಿ ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ, ಹುಸಿ ಮದ್ದಿಗಿಂತ ಇದು ಮೇಲು ಎಂದು ಕಂಡುಬಂದಿತು.

ಔಷಧಿ ಅಂಗಡಿಯಲ್ಲಿ 'ನರೂಲಿ ಕ್ರೀಮ್ ಕೊಡ್ರಿ' ಎಂದರೆ ಏನು ಕೈಗೆ ಬರುತ್ತದೋ ಹೇಳಲಾಗದು. ಸ್ಯಾಲಿಸಿಲಿಕ್ ಆಮ್ಲ ಸುಮಾರು 17 ಶೇಕಡಾ ಮತ್ತು ಲ್ಯಾಕ್ಟಿಕ್ ಆಮ್ಲ ಸುಮಾರು 17 ಶೇಕಡಾ ಇರುವ, ಹಚ್ಚಿದರೆ ಒಣಗಿ ತೆಳು ಪೊರೆಯಾಗುವ ಕೊಲೋಡಿಯನ್ ದ್ರಾವಣ ಎಂದು ಕೇಳಿ, ಸಣ್ಣ ಬಾಟಲಿಯಲ್ಲಿ ಬರುತ್ತದೆ. ಚೀಟಿಯ ಮೇಲಿನ ಅಂಕಿ ನೀವೇ ಓದಿ ನೋಡಿ. ಮೊಡವೆಯ ಫೇಸ್‌ವಾಶ್‌ನಲ್ಲಿ 2 ಶೇಕಡಾ, ಕಾಲೊಡಕಿನ ಮುಲಾಮಿನಲ್ಲಿ 6 ಶೇಕಡಾ ಇರುತ್ತದೆ, ಅವುಗಳಿಂದ ಕೆಲಸವಾಗದು. ಸ್ಟೆರಾಯ್ಡ್ ಬೆರೆಸಿದ ಟ್ಯೂಬ್ ಕೊಟ್ಟರೆ ಬೇಡ ಎನ್ನಿ. ಸ್ಟೆರಾಯ್ಡ್ ಆ ಜಾಗದ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುತ್ತದೆ, ನರೂಲಿ ಹಬ್ಬಲು ಅನುಕೂಲವಾಗುತ್ತದೆ. ಆಸ್ಪಿರಿನ್ ಮಾತ್ರೆ ಅರೆದು ಹಚ್ಚುವುದೂ ಇದಕ್ಕೆ ಬದಲಲ್ಲ.

ಮಗಳಿಗೆ ಹಚ್ಚುವ ಕ್ರಮ ಹೀಗಿರಲಿ. ರಾತ್ರಿ ಊಟ, ಹೋಂವರ್ಕ್ ಎಲ್ಲ ಮುಗಿದ ಮೇಲೆ, ಒಲೆ ದೀಪದಿಂದ ದೂರ ಕೂತುಕೊಳ್ಳಿ, ಈ ದ್ರಾವಣ ಬೇಗ ಬೆಂಕಿ ಹತ್ತುವಂಥದ್ದು. ಬೆಚ್ಚಗಿನ ನೀರಿನಲ್ಲಿ ಬೆರಳುಗಳನ್ನು 5ರಿಂದ 10 ನಿಮಿಷ ನೆನೆಸಿ. ನೀರು ನಿಮ್ಮ ಮೊಣಕೈಗೆ ಹಿತವಾಗಿರಬೇಕು, ಸುಡಬಾರದು. ಒರೆಸಿದ ಮೇಲೆ ನರೂಲಿ ಬೆಳ್ಳಗೆ ಉಬ್ಬಿ ಕಾಣುತ್ತದೆ. ಹಾರ್ಡ್‌ವೇರ್ ಅಂಗಡಿಯ ನುಣುಪು ಎಮರಿ ಪೇಪರನ್ನು ಬೆರಳಗಲದ ತುಂಡು ಮಾಡಿಟ್ಟುಕೊಂಡು, ಒಂದು ತುಂಡಿನಿಂದ ಆ ಬಿಳಿ ಸತ್ತ ಚರ್ಮವನ್ನಷ್ಟೇ ಮೆಲ್ಲಗೆ ಉಜ್ಜಿ ತೆಗೆಯಿರಿ. ಕೆಂಪು ಕಾಣಿಸಿದರೆ, ಸೂಜಿಮೊನೆಯಷ್ಟು ರಕ್ತ ಬಂದರೆ ಅಲ್ಲಿಗೇ ನಿಲ್ಲಿಸಿ, ಅಂದು ದ್ರಾವಣ ಹಚ್ಚಬೇಡಿ. ಉಜ್ಜಿದ ತುಂಡನ್ನು ಎಸೆಯಬೇಕು. ಅದರಲ್ಲಿ ವೈರಸ್ ಇರುತ್ತದೆ, ಅದೇ ತುಂಡು ಪಕ್ಕದ ಬೆರಳಿಗೆ ತಾಗಿದರೆ ಅಲ್ಲೂ ಬೀಜ ಬಿತ್ತಿದಂತೆ.

ಆಮೇಲೆ ನರೂಲಿಯ ಸುತ್ತ, ಅದರ ಮೇಲಲ್ಲ, ವ್ಯಾಸಲೀನ್‌ನಿಂದ ಒಂದು ಉಂಗುರ ಎಳೆಯಿರಿ. ಬಾಟಲಿಯ ಜೊತೆ ಬರುವ ಕುಂಚ ಅಥವಾ ಕಡ್ಡಿ ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಹೆಚ್ಚು ತೆಗೆಯುತ್ತದೆ, ಹಲ್ಲುಕಡ್ಡಿಯ ತುದಿ ಅದ್ದಿ ನರೂಲಿಯ ನಡುವೆ ಒಂದು ಹನಿ ಇಡಿ. ಎರಡು ಮೂರು ನಿಮಿಷದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಅದರ ಮೇಲೆ ಇನ್ನೊಂದು ಹನಿ, ಅದೂ ಒಣಗಲಿ. ಬಾಟಲಿಯ ಮುಚ್ಚಳ ತಕ್ಷಣ ಬಿಗಿ ಮಾಡಿ, ಇಲ್ಲದಿದ್ದರೆ ನಮ್ಮ ಸೆಕೆಗೆ ವಾರದಲ್ಲಿ ಅಂಟಿನಂತಾಗುತ್ತದೆ. ಮರುದಿನ ನೆನೆಸಿದಾಗ ಹಳೆಯ ಪೊರೆ ತಾನೇ ಏಳುತ್ತದೆ, ಅದನ್ನು ತೆಗೆದು ಮತ್ತೆ ಮೊದಲಿನಂತೆಯೇ.

ಸಣ್ಣ ಚುರುಚುರು ಇದ್ದರೆ ಪರವಾಗಿಲ್ಲ. ಸುತ್ತ ಕೆಂಪಾಗಿ ಮುಟ್ಟಿದರೆ ನೋವೆನಿಸಿದರೆ ಎರಡು ಮೂರು ದಿನ ಬಿಟ್ಟು ಮತ್ತೆ ಶುರು ಮಾಡಿ. ಉಗುರಿನ ಪಕ್ಕದ ನರೂಲಿಗೆ ಒಂದೇ ಹನಿ ಸಾಕು, ಉಗುರಿನ ಸಂದಿಗೆ ಇಳಿಯದಂತೆ ಅಲ್ಲಿ ವ್ಯಾಸಲೀನ್ ಸ್ವಲ್ಪ ದಪ್ಪಗಿರಲಿ. ಮಗು ಉಗುರು ಕಚ್ಚುವ ಅಭ್ಯಾಸದ್ದಾದರೆ ಅದನ್ನು ಬಿಡಿಸದೆ ಈ ಚಿಕಿತ್ಸೆ ಗೆಲ್ಲುವುದು ಕಷ್ಟ. ಕಚ್ಚಿದಲ್ಲೆಲ್ಲ ಹೊಸ ನರೂಲಿ ಏಳುತ್ತದೆ, ತುಟಿಗೂ ಬರಬಹುದು.

ಇದು 12 ವಾರ ನಡೆಯಬೇಕು. ಬಹಳ ಜನ ಸೋಲುವುದು ಮೂರನೆಯ ವಾರದಲ್ಲಿ, ಏನೂ ಬದಲಾವಣೆ ಕಾಣದೆ ಬಾಟಲಿ ಮೂಲೆಗಿಡುತ್ತಾರೆ. ಕಾರಣ ಸಾಮಾನ್ಯವಾಗಿ ಒಂದೇ: ಉಜ್ಜದೆ ಹಚ್ಚಿರುತ್ತಾರೆ. ಸತ್ತ ಚರ್ಮದ ಮೇಲೆ ಹಾಕಿದ ಮದ್ದು ಆ ಸತ್ತ ಚರ್ಮವನ್ನಷ್ಟೇ ಕರಗಿಸುತ್ತದೆ. ಇನ್ನು ಕೆಲವರು ಮೇಲ್ಮೈ ಸಮತಟ್ಟಾದ ಕೂಡಲೇ ಬಿಡುತ್ತಾರೆ, ಒಳಗುಳಿದ ವೈರಸ್ ಎರಡು ತಿಂಗಳಲ್ಲಿ ಮತ್ತೆ ತಲೆಯೆತ್ತುತ್ತದೆ. ಮುಗಿಯಿತು ಎಂದು ತಿಳಿಯುವುದು ಗೆರೆಗಳಿಂದ. ಬೆರಳಿನ ಗೆರೆಗಳು ಆ ಜಾಗದ ಮೇಲೆ ಮೊದಲಿನಂತೆ ಅಡೆತಡೆಯಿಲ್ಲದೆ ಹಾಯ್ದಿದ್ದರೆ, ಕಪ್ಪು ಚುಕ್ಕೆ ಒಂದೂ ಇಲ್ಲದಿದ್ದರೆ ನಿಲ್ಲಿಸಬಹುದು. ವಾರಕ್ಕೊಮ್ಮೆ ಮೊಬೈಲಿನಲ್ಲಿ ಒಂದೇ ಬೆಳಕಿನಲ್ಲಿ ಫೋಟೋ ತೆಗೆದಿಟ್ಟರೆ ಕಣ್ಣಿಗೆ ಕಾಣದ ಬದಲಾವಣೆ ಅದರಲ್ಲಿ ಕಾಣುತ್ತದೆ, ಮಗುವಿಗೂ ಹುರುಪು ಬರುತ್ತದೆ.

ಆಮ್ಲ ಹಚ್ಚಲು ಮಗು ಒಪ್ಪದಿದ್ದರೆ ಡಕ್ಟ್ ಟೇಪ್ ಎಂಬ ಗಟ್ಟಿ ಅಂಟುಟೇಪ್ ಪ್ರಯತ್ನಿಸಬಹುದು. ನರೂಲಿಯಷ್ಟೇ ಅಗಲದ ತುಂಡು ಅಂಟಿಸಿ 6 ದಿನ ಬಿಡುವುದು, ಬಿಚ್ಚಿ ನೆನೆಸಿ ಉಜ್ಜುವುದು, 12 ಗಂಟೆ ಗಾಳಿಗೆ ಬಿಟ್ಟು ಮತ್ತೆ ಅಂಟಿಸುವುದು, ಹೀಗೆ ಎರಡು ತಿಂಗಳವರೆಗೆ. 2002ರಲ್ಲಿ ಅಮೆರಿಕದ ಒಂದು ಸಣ್ಣ ಪ್ರಯೋಗದಲ್ಲಿ ಟೇಪ್ ಹಚ್ಚಿದವರಲ್ಲಿ 85 ಶೇಕಡಾ, ಆಸ್ಪತ್ರೆಯಲ್ಲಿ ದ್ರವ ನೈಟ್ರೋಜನ್‌ನಿಂದ ಹೆಪ್ಪುಗಟ್ಟಿಸಿಕೊಂಡವರಲ್ಲಿ 60 ಶೇಕಡಾ ಗುಣವಾಗಿ ಇದು ಬಹಳ ಹೆಸರು ಮಾಡಿತು. 2006 ಮತ್ತು 2007ರ ಪ್ರಯೋಗಗಳಲ್ಲಿ ಅಷ್ಟು ಫಲ ಕಾಣಲಿಲ್ಲ. ಅಗ್ಗ, ನೋವಿಲ್ಲ ಎಂಬುದಷ್ಟೇ ಇದರ ಬಲ. ಏಪ್ರಿಲ್ ಮೇ ತಿಂಗಳಲ್ಲಿ ಬೆವರಿಗೆ ಅರ್ಧ ದಿನವೂ ನಿಲ್ಲುವುದಿಲ್ಲ, ದೀಪಾವಳಿಯ ನಂತರದ ತಂಪಿನಲ್ಲಿ ಮಾಡಿದರೆ ಸರಿ.

ನಿಮ್ಮ ಹಿಮ್ಮಡಿಯ ನರೂಲಿ ಮಗಳದಕ್ಕಿಂತ ಹಟಮಾರಿ. ಮೈಭಾರ ಬಿದ್ದು ಅದು ಮೇಲೆ ಬೆಳೆಯದೆ ಒಳಗೆ ಒತ್ತಿಕೊಂಡಿರುತ್ತದೆ, ಮೇಲೆ ದಪ್ಪ ಚರ್ಮದ ಮುಚ್ಚಳ ಬೇರೆ. ಕ್ರಮ ಅದೇ, ಆದರೆ ನೆನೆಸುವುದು 15 ನಿಮಿಷ, ಉಜ್ಜಲು ಹಿಮ್ಮಡಿ ತಿಕ್ಕುವ ಕಲ್ಲು. ಆ ಕಲ್ಲು ನಿಮ್ಮೊಬ್ಬರದೇ ಆಗಿರಲಿ, ಬಚ್ಚಲಲ್ಲಿ ಎಲ್ಲರ ಕೈಗೆ ಸಿಗುವಂತೆ ಇಡಬೇಡಿ, ಕೆಲಸ ಮುಗಿದ ಮೇಲೆ ಎಸೆಯಿರಿ. ದ್ರಾವಣ ಒಣಗಿದ ಮೇಲೆ ಬಿಳಿ ಅಂಟುಪಟ್ಟಿ ಹಾಕಿದರೆ ಮದ್ದು ಒಳಗಿಳಿಯುತ್ತದೆ. ದ್ರಾವಣದ ಬದಲು 40 ಶೇಕಡಾ ಸ್ಯಾಲಿಸಿಲಿಕ್ ಆಮ್ಲದ ಕಾರ್ನ್ ಕ್ಯಾಪ್ ಪಟ್ಟಿಯೂ ಆಗುತ್ತದೆ. ಅದರ ನಡುವಿನ ಮದ್ದಿನ ಬಿಲ್ಲೆ ನರೂಲಿಗಿಂತ ದೊಡ್ಡದಿದ್ದರೆ ಕತ್ತರಿಸಿ ಸರಿಮಾಡಿಕೊಳ್ಳಬೇಕು. ನಡೆಯುವಾಗ ಪಟ್ಟಿ ಸರಿದು ಒಳ್ಳೆಯ ಚರ್ಮ ಸುಡುವುದೇ ಇದರಲ್ಲಿ ಆಗುವ ತಪ್ಪು, ಹಾಗಾಗಿ ಮೇಲೊಂದು ಅಗಲ ಅಂಟುಪಟ್ಟಿ ಹಾಕಿ. ಎರಡು ದಿನಕ್ಕೊಮ್ಮೆ ಬದಲಿಸಿ, ಬಿಳಿಯಾದ ಚರ್ಮ ತಿಕ್ಕಿ ತೆಗೆಯಿರಿ.

ಕಾಲಿನ ನರೂಲಿಯ ಬಗ್ಗೆ ಹೆಚ್ಚಿನ ಆಸೆ ಹುಟ್ಟಿಸುವುದು ಸರಿಯಲ್ಲ. 2011ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 240 ಜನರ ಮೇಲೆ 50 ಶೇಕಡಾ ಸ್ಯಾಲಿಸಿಲಿಕ್ ಆಮ್ಲವನ್ನೂ ದ್ರವ ನೈಟ್ರೋಜನ್ನನ್ನೂ ಹೋಲಿಸಿ ನೋಡಿದಾಗ, 12 ವಾರಕ್ಕೆ ಪೂರ್ತಿ ಗುಣವಾದವರು ಎರಡೂ ಕಡೆ 14 ಶೇಕಡಾ ಮಾತ್ರ. ಆಸ್ಪತ್ರೆಯಲ್ಲಿ ಹೆಪ್ಪುಗಟ್ಟಿಸಿದವರಿಗೂ ಮನೆಯಲ್ಲಿ ಹಚ್ಚಿಕೊಂಡವರಿಗೂ ಒಂದೇ ಫಲ. ಪೂರ್ತಿ ಹೋಗಲು ತಡವಾದರೂ ವಾರ ವಾರ ಮೇಲಿನ ಗಟ್ಟಿ ಚರ್ಮ ತೆಗೆಯುತ್ತಿದ್ದರೆ ಹರಳು ಚುಚ್ಚಿದಂಥ ನೋವು ಬೇಗ ಕಡಿಮೆಯಾಗುತ್ತದೆ. ಹೊಲದಲ್ಲಿ ರಾಶಿ ಕೆಲಸದ ದಿನಗಳಲ್ಲಿ ನಿಮಗೆ ಬೇಕಾದದ್ದು ಮೊದಲು ಅದೇ ಅಲ್ಲವೇ.

ನರೂಲಿ ಮನೆಮಂದಿಗೆ ಹರಡದಂತೆ ನೋಡಿಕೊಳ್ಳಿ. ಬಚ್ಚಲಿನ ಶಹಾಬಾದ್ ಫರಸಿ ಸದಾ ತೇವವಾಗಿದ್ದು, ಎಲ್ಲರೂ ಅದರ ಮೇಲೆ ಬರಿಗಾಲಲ್ಲಿ ಓಡಾಡುತ್ತಿದ್ದರೆ ಒಬ್ಬರ ಕಾಲಿನದು ಇನ್ನೊಬ್ಬರಿಗೆ ಸುಲಭವಾಗಿ ಹತ್ತುತ್ತದೆ. ಬಚ್ಚಲಿಗೊಂದು ರಬ್ಬರ್ ಚಪ್ಪಲಿ ಇಟ್ಟುಕೊಳ್ಳಿ, ಟವೆಲ್ ಬೇರೆ ಮಾಡಿ. ವೈರಸ್ ಹತ್ತಿ ನರೂಲಿ ಕಾಣಿಸಿಕೊಳ್ಳಲು ತಿಂಗಳುಗಳೇ ಬೇಕು, ಹಾಗಾಗಿ ಯಾರಿಂದ ಬಂತು ಎಂದು ಹುಡುಕುತ್ತ ಮಗುವಿನ ಗೆಳತಿಯರನ್ನು ದೂರುವುದರಲ್ಲಿ ಅರ್ಥವಿಲ್ಲ. ಅವಳನ್ನು ಶಾಲೆ ಬಿಡಿಸುವ, ಬೇರೆ ತಟ್ಟೆ ಕೊಡುವ ಅಗತ್ಯವೂ ಇಲ್ಲ.

ನಿಮ್ಮ ಕೊರಳಿನವು ಮೆತ್ತಗಿದ್ದು, ಸಣ್ಣ ತೊಟ್ಟಿನಿಂದ ಜೋತಾಡುತ್ತಿದ್ದರೆ ಅವು ಬರಿಯ ಚರ್ಮದ ತುಣುಕುಗಳು, ಯಾರಿಗೂ ಹತ್ತುವಂಥವಲ್ಲ. ಸ್ಯಾಲಿಸಿಲಿಕ್ ಆಮ್ಲದಿಂದ ಅವು ಹೋಗುವುದಿಲ್ಲ, ಕೊರಳಿನ ತೆಳು ಚರ್ಮ ಸುಡುತ್ತದೆ ಅಷ್ಟೆ. ಕುದುರೆ ಬಾಲದ ಕೂದಲೋ ದಾರವೋ ಬಿಗಿದು ಕಟ್ಟಿದರೆ ರಕ್ತ ನಿಂತು ಉದುರುವುದು ಹೌದು, ಆದರೆ ಅರೆಬರೆ ಬಿಗಿದಾಗ ಊದಿಕೊಂಡು ಕೀವಾಗುತ್ತದೆ. ವೈದ್ಯರು ಮರಗಟ್ಟಿಸಿ ಒಂದು ನಿಮಿಷದಲ್ಲಿ ಕತ್ತರಿಸುತ್ತಾರೆ. ಕತ್ತಿನ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ, ಮೈತೂಕ ಹೆಚ್ಚಿದ್ದರೆ ನೀವೂ ಒಮ್ಮೆ ಶುಗರ್ ಪರೀಕ್ಷೆ ಮಾಡಿಸಿಕೊಳ್ಳಿ. ಇಂಥ ಚರ್ಮ ಮತ್ತು ಈ ತುಣುಕುಗಳು ಸಕ್ಕರೆ ಕಾಯಿಲೆಯ ಜೊತೆ ಬರುವುದುಂಟು.

ಸ್ಯಾಲಿಸಿಲಿಕ್ ಆಮ್ಲವನ್ನು ಮುಖಕ್ಕೆ, ಗುಪ್ತಾಂಗಕ್ಕೆ, ಮಚ್ಚೆಗೆ, ಕೂದಲಿರುವ ನರೂಲಿಗೆ ಹಚ್ಚಬಾರದು. ಗರ್ಭಿಣಿಯರು ಕೇಳದೆ ಹಚ್ಚಬಾರದು. ಗುಪ್ತಾಂಗದ ನರೂಲಿಯ ವೈರಸ್ ಬೇರೆ ಬಗೆಯದು, ಚಿಕಿತ್ಸೆಯೂ ಬೇರೆ, ಅದನ್ನು ವೈದ್ಯರಿಗೇ ತೋರಿಸಬೇಕು. ಐವತ್ತು ದಾಟಿದವರಲ್ಲಿ ಹೊಸದಾಗಿ ಒಂದೇ ಒಂದು ಎದ್ದು ಬೇಗ ಬೆಳೆಯುತ್ತಿದ್ದರೆ, ರಕ್ತ ಒಸರುತ್ತಿದ್ದರೆ, ನಡುವೆ ಹುಣ್ಣಾಗಿದ್ದರೆ ಅದು ಚರ್ಮದ ಕ್ಯಾನ್ಸರ್ ಇರಬಹುದು, ಮನೆಮದ್ದಿಗೆ ಒಂದು ದಿನವೂ ಕಳೆಯಬೇಡಿ. ಹನ್ನೆರಡು ವಾರ ನಿಷ್ಠೆಯಿಂದ ಹಚ್ಚಿದರೂ ಮಗಳ ನರೂಲಿ ಹಾಗೇ ಇದ್ದರೆ, ಅಥವಾ ಹತ್ತಾರು ಎದ್ದರೆ ಚರ್ಮರೋಗ ವೈದ್ಯರನ್ನು ಕಾಣಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ನಿಮಗೆ ಹತ್ತಿರದ್ದು ಕಲಬುರಗಿ. ನೀವು ಹೆದರುವ 'ಸುಡುವುದು' ಒಂದೇ ದಾರಿಯಲ್ಲ. ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ ಮುಟ್ಟಿಸಿ ಎರಡು ಮೂರು ವಾರಕ್ಕೊಮ್ಮೆ ಹೆಪ್ಪುಗಟ್ಟಿಸುತ್ತಾರೆ, ಕೈಯ ನರೂಲಿಗೆ ಇದು ಆಮ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ, ನೋವು ಮಾತ್ರ ತುಸು ಹೆಚ್ಚು. ವಿದ್ಯುತ್ತಿನಿಂದ ಸುಡುವುದಿದ್ದರೂ ಮೊದಲು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೇ ಮಾಡುತ್ತಾರೆ.

ಯಜಮಾನರ ಕಾಲಿನ ಗಂಟನ್ನು ಈ ವಾರವೇ ತೋರಿಸಿ. ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಕುಗ್ಗಿರುತ್ತದೆ, ರಕ್ತ ಸಂಚಾರ ಕಡಿಮೆಯಿರುತ್ತದೆ. ಆಮ್ಲ ಸುಟ್ಟರೂ ಬಿಸಿನೀರು ಸುಟ್ಟರೂ ಅವರಿಗೆ ತಿಳಿಯುವುದಿಲ್ಲ, ಆದ ಗಾಯ ಮಾಯುವುದಿಲ್ಲ, ಬೆರಳು ಕಳೆದುಕೊಳ್ಳುವವರೆಗೂ ಹೋಗಬಹುದು. ನಿಮಗಾಗಿ ತಂದ ಬಾಟಲಿ, ಕಾರ್ನ್ ಕ್ಯಾಪ್ ಅವರ ಕೈಗೆ ಸಿಗದಂತೆ ಎತ್ತಿಡಿ, ಅವರು 'ನನಗೂ ಒಂದು ಹನಿ ಹಚ್ಚು' ಎಂದರೂ ಹಚ್ಚಬೇಡಿ. ವೈದ್ಯರ ಬಳಿ ಹೋಗುವಾಗ ಅವರು ದಿನಾಲೂ ಹಾಕಿಕೊಳ್ಳುವ ಚಪ್ಪಲಿಯನ್ನೇ ಹಾಕಿಕೊಂಡು ಹೋಗಲಿ. ಆ ಗಂಟು ಒತ್ತಡದಿಂದ ಬಂದ ಆಣಿಯೋ ಅಲ್ಲವೋ ಎಂಬುದು ಚಪ್ಪಲಿಯ ಸವೆತ ನೋಡಿದರೆ ಅರ್ಧ ತಿಳಿಯುತ್ತದೆ.